ಎಕ್ಸ್‌ರೇ ‘ನಾರ್ಮಲ್’ ಅಂದ್ರು, ಆದ್ರೂ ಮೊಣಕಾಲು ಜಾರ್ತಿದ್ಯಾ? ಲಿಗಮೆಂಟ್ ಆಪರೇಷನ್, ಆಮೇಲಿನ ಒಂಬತ್ತು ತಿಂಗಳ ಲೆಕ್ಕ ಇಲ್ಲಿದೆ

ದೇವರಾಯಸಮುದ್ರ: ಭಾನುವಾರದ ಮ್ಯಾಚು. ಎರಡನೇ ರನ್‌ಗೆ ಓಡಿದ ಹುಡುಗ ಅರ್ಧ ದಾರಿಯಲ್ಲಿ ಗಕ್ಕನೆ ನಿಂತು ವಾಪಸ್ ತಿರುಗ್ತಾನೆ. ಪಾದ ನೆಲದಲ್ಲೇ ಊರಿದೆ, ಮೈ ಮಾತ್ರ ತಿರುಗಿದೆ. ಮೊಣಕಾಲಿನ ಒಳಗೆ ‘ಟಪ್’ ಅಂತ ಏನೋ ಆದಂತಾಗಿ ಅಲ್ಲೇ ಕುಸಿಯುತ್ತಾನೆ. ಯಾರೂ ಗುದ್ದಿಲ್ಲ, ಯಾರೂ ತಳ್ಳಿಲ್ಲ. ಸಂಜೆಯ ಹೊತ್ತಿಗೆ ಮೊಣಕಾಲು ಊದಿಕೊಂಡಿರುತ್ತೆ.

ಮಾರನೇ ದಿನ ಎಕ್ಸ್‌ರೇ. ‘ಮೂಳೆ ಮುರಿದಿಲ್ಲ, ಏನೂ ತೊಂದರೆ ಇಲ್ಲ’ ಅನ್ನೋ ಮಾತು ಕೇಳಿ ಮನೆಯವರಿಗೆಲ್ಲ ನಿರಾಳ. ಒಂದು ಕಟ್ಟು, ನಾಲ್ಕು ಮಾತ್ರೆ, ಎಣ್ಣೆ ನೀವೋದು. ಮೂರು ವಾರಕ್ಕೆ ಊತ ಇಳಿಯುತ್ತೆ, ನಡೆದಾಡೋಕೂ ಆಗುತ್ತೆ. ಆದರೆ ಹೊಲದ ಬದು ಇಳಿಯುವಾಗ, ಬಸ್ಸಿನ ಮೆಟ್ಟಿಲು ಇಳಿಯುವಾಗ, ಯಾರೋ ಕರೆದರು ಅಂತ ಸರಕ್ಕನೆ ತಿರುಗಿದಾಗ ಮೊಣಕಾಲು ತಪ್ಪಿ ಹೋಗುತ್ತೆ. ‘ಕಾಲು ನನ್ನ ಮಾತು ಕೇಳ್ತಿಲ್ಲ’ ಅನ್ನಿಸುತ್ತೆ.

ಕೋಲಾರ–ಮುಳಬಾಗಿಲು ಹೆದ್ದಾರಿ ಬದಿಯ ಯಾವ ಊರಲ್ಲಿ ಕೇಳಿದರೂ ಇಂಥ ಒಬ್ಬರಾದರೂ ಸಿಗ್ತಾರೆ. ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಆಡಿ ಬಿದ್ದವರು, ಬೈಕ್ ಸ್ಕಿಡ್ ಆದವರು, ಟೊಮೆಟೊ ಬಾಕ್ಸ್ ಹೊತ್ತು ಜಾರಿದವರು. ಮೂಳೆ ಸರಿಯಿದ್ದರೂ ಒಳಗಿನ ಲಿಗಮೆಂಟ್ ಹರಿದಿರಬಹುದು ಅನ್ನೋದನ್ನು ಅವರಲ್ಲಿ ಎಷ್ಟೋ ಜನ ತಿಳಿದುಕೊಳ್ಳೋದು ತಿಂಗಳುಗಟ್ಟಲೆ ತಡವಾಗಿ.

ಮೊಣಕಾಲಿನ ಒಳಗೆ ಏನಿದೆ?

ತೊಡೆ ಮೂಳೆ ಮೇಲಿಂದ, ಕಣಕಾಲಿನ ಮೂಳೆ ಕೆಳಗಿಂದ ಬಂದು ಸೇರುವ ಜಾಗವೇ ಮೊಣಕಾಲು. ಮುಂದೆ ಚಿಪ್ಪು. ಈ ಎರಡು ಮೂಳೆಗಳು ಒಂದರ ಮೇಲೊಂದು ಕೂತಿವೆ ಅಷ್ಟೇ, ಬಾಗಿಲ ಕೀಲಿನಂತೆ ಒಂದರೊಳಗೊಂದು ಸಿಕ್ಕಿಕೊಂಡಿಲ್ಲ. ಅವನ್ನು ಹಿಡಿದಿಡೋದು ನಾಲ್ಕು ಗಟ್ಟಿ ಹಗ್ಗಗಳು. ಅವೇ ಲಿಗಮೆಂಟ್. ಎರಡು ಪಕ್ಕಗಳಲ್ಲಿ ಒಂದೊಂದು, ಒಳಗೆ ಮಧ್ಯದಲ್ಲಿ ಕತ್ತರಿಯಂತೆ ಅಡ್ಡಡ್ಡ ಹಾದುಹೋಗುವ ಎರಡು.

ಮಧ್ಯದ ಎರಡರಲ್ಲಿ ಮುಂದಿನದರ ಹೆಸರು ಎಸಿಎಲ್. ಉದ್ದ ಹೆಚ್ಚುಕಡಿಮೆ ಮೂರೂವರೆ ಸೆಂಟಿಮೀಟರ್, ಅಂದ್ರೆ ಕಿರುಬೆರಳಿಗಿಂತ ಚಿಕ್ಕದು. ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮೊಣಕಾಲು ಬೇಕಾಬಿಟ್ಟಿ ತಿರುಚದಂತೆ ತಡೆಯೋದು ಇದೇ. ನೇರ ನಡೆಯುವಾಗ ಇದರ ಕೆಲಸ ಅಷ್ಟಾಗಿ ಗೊತ್ತಾಗಲ್ಲ. ತಿರುಗುವಾಗ, ಹಾರಿ ಇಳಿಯುವಾಗ, ಓಡುತ್ತಾ ತಟ್ಟನೆ ನಿಲ್ಲುವಾಗ ಭಾರವೆಲ್ಲ ಇದರ ಮೇಲೆ ಬೀಳುತ್ತೆ. ಹರಿಯುವುದೂ ಆಗಲೇ. ಎಸಿಎಲ್ ಹರಿದ ಹೆಚ್ಚಿನ ಆಟಗಾರರಿಗೆ ಯಾರೂ ಡಿಕ್ಕಿ ಹೊಡೆದಿರೋದೇ ಇಲ್ಲ.

ಮೂಳೆಗಳ ನಡುವೆ ಎರಡು ಗಾದಿಗಳೂ ಇವೆ. ಡಾಕ್ಟರುಗಳು ಮೆನಿಸ್ಕಸ್ ಅನ್ನೋದು ಇವನ್ನೇ. ಲಾರಿಯ ಪಟ್ಟಾದಂತೆ ಭಾರ ತಡೆಯೋದು ಇವುಗಳ ಕೆಲಸ. ಈ ಗಾದಿಗಳ ಮಾತು ಮುಂದೆ ಮತ್ತೆ ಬರುತ್ತೆ, ಯಾಕಂದ್ರೆ ನಿಜವಾದ ನಷ್ಟ ಅಲ್ಲಿದೆ.

ಎಕ್ಸ್‌ರೇಯಲ್ಲಿ ಯಾಕೆ ಸಿಗಲ್ಲ?

ಎಕ್ಸ್‌ರೇ ಮೂಳೆಯನ್ನು ಚೆನ್ನಾಗಿ ತೋರಿಸುತ್ತೆ, ಲಿಗಮೆಂಟನ್ನು ತೋರಿಸಲ್ಲ. ಆದ್ದರಿಂದ ‘ಎಕ್ಸ್‌ರೇ ನಾರ್ಮಲ್’ ಅಂದರೆ ಮೂಳೆ ಮುರಿದಿಲ್ಲ ಅಂತ ಅರ್ಥ, ಮೊಣಕಾಲು ಸರಿಯಿದೆ ಅಂತ ಅಲ್ಲ.

ಅನುಭವಿ ಮೂಳೆ ಡಾಕ್ಟರು ಕೈಯಲ್ಲೇ ಬಹಳಷ್ಟು ಪತ್ತೆ ಹಚ್ಚುತ್ತಾರೆ. ಮೊಣಕಾಲನ್ನು ಸ್ವಲ್ಪ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆದು ನೋಡ್ತಾರೆ. ಇದು ಲ್ಯಾಕ್‌ಮನ್ ಪರೀಕ್ಷೆ. ಹಗ್ಗ ಹರಿದಿದ್ದರೆ ಮೂಳೆ ತಡೆಯಿಲ್ಲದೆ ಮುಂದೆ ಬರುತ್ತೆ. ಹೊಸ ಪೆಟ್ಟಾಗಿದ್ದು ಊತ, ನೋವು ಜಾಸ್ತಿ ಇದ್ದರೆ ಇದು ಸರಿಯಾಗಿ ಗೊತ್ತಾಗಲ್ಲ. ಆಗ ಎರಡು ವಾರ ಬಿಟ್ಟು ಮತ್ತೆ ತೋರಿಸಬೇಕು. ಎಷ್ಟು ಹರಿದಿದೆ, ಗಾದಿಗೂ ಪೆಟ್ಟಾಗಿದೆಯಾ ಅನ್ನೋದಕ್ಕೆ ಎಂಆರ್‌ಐ ಸ್ಕ್ಯಾನ್ ಬೇಕಾಗುತ್ತೆ.

ಈ ಮೂರು ಲಕ್ಷಣ ಇದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗಲೇಬೇಕು: ಬಿದ್ದಾಗ ಒಳಗೆ ‘ಟಪ್’ ಅಂದ ಅನುಭವ, ಕೆಲವೇ ಗಂಟೆಯಲ್ಲಿ ಜೋರು ಊತ, ಆಮೇಲೆ ಆಗಾಗ ಮೊಣಕಾಲು ತಪ್ಪಿಹೋಗೋದು.

ಕಟ್ಟು ಕಟ್ಟಿಸಿದರೆ ಆಗಲ್ವಾ?

ನಮ್ಮ ಭಾಗದಲ್ಲಿ ಕೈಕಾಲು ಪೆಟ್ಟಾದರೆ ಮೊದಲು ನೆನಪಾಗೋದು ಗಡಿಯಾಚೆ ಆಂಧ್ರದ ಪುತ್ತೂರು ಕಟ್ಟು. ತಲೆಮಾರುಗಳಿಂದ ಜನ ಹೋಗಿ ಬರ್ತಾನೇ ಇದ್ದಾರೆ. ಆದರೆ ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಮುರಿದ ಮೂಳೆ ಅಲುಗಾಡದಂತೆ ಇದ್ದರೆ ತಾನೇ ಕೂಡಿಕೊಳ್ಳುವ ಗುಣ ಉಳ್ಳದ್ದು. ಪೂರ್ತಿ ಹರಿದ ಎಸಿಎಲ್ ಹಾಗಲ್ಲ. ಅದಕ್ಕೆ ರಕ್ತ ಪೂರೈಕೆ ಕಡಿಮೆ, ಸುತ್ತ ಕೀಲಿನ ದ್ರವ. ಹರಿದ ಎರಡು ತುದಿಗಳು ದೂರ ಸರಿದುಬಿಡುತ್ತವೆ. ಹೊರಗಿನಿಂದ ಎಷ್ಟೇ ಬಿಗಿಯಾಗಿ ಕಟ್ಟಿದರೂ ಬಹುತೇಕ ಸಲ ಅವು ಮೊದಲಿನಂತೆ ಗಟ್ಟಿಯಾಗಿ ಕೂಡಲ್ಲ.

ವಾರಗಟ್ಟಲೆ ಕಟ್ಟು ಹಾಕಿ ಕಾಲನ್ನು ಅಲುಗಿಸದೆ ಇಟ್ಟರೆ ಇನ್ನೂ ಎರಡು ತೊಂದರೆ. ಮೊಣಕಾಲು ಬಿಗಿದುಕೊಳ್ಳುತ್ತೆ, ತೊಡೆಯ ಮಾಂಸಖಂಡ ಸೊರಗುತ್ತೆ. ಮೊಣಕಾಲನ್ನು ಕಾಯಬೇಕಾದ್ದೇ ತೊಡೆಯ ಮಾಂಸಖಂಡ. ಹಾಗಂತ ಎಲ್ಲ ಲಿಗಮೆಂಟೂ ಒಂದೇ ಅಲ್ಲ. ಒಳಪಕ್ಕದ ಲಿಗಮೆಂಟ್ ಮಾತ್ರ ಹರಿದಿದ್ದರೆ ಹೆಚ್ಚಿನ ಸಲ ಬ್ರೇಸ್ ಮತ್ತು ವ್ಯಾಯಾಮದಲ್ಲೇ ಕೂಡಿಕೊಳ್ಳುತ್ತೆ. ಯಾವುದು ಹರಿದಿದೆ ಅನ್ನೋದು ಗೊತ್ತಾಗದೆ ಚಿಕಿತ್ಸೆ ಶುರು ಮಾಡೋದೇ ತಪ್ಪು.

ಹರಿದವರಿಗೆಲ್ಲ ಆಪರೇಷನ್ ಬೇಕಾ?

ಬೇಕಾಗಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಯುವಕ ಯುವತಿಯರ ಮೇಲೆ ಒಂದು ಅಧ್ಯಯನ ನಡೆದು 2010ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಬೇಗ ಆಪರೇಷನ್ ಮಾಡಿದರು. ಉಳಿದ 59 ಜನಕ್ಕೆ ಮೊದಲು ಬರೀ ಫಿಸಿಯೋಥೆರಪಿ, ಬೇಕೇಬೇಕು ಅನ್ನಿಸಿದರೆ ಮಾತ್ರ ಆಪರೇಷನ್. ಎರಡು ವರ್ಷದಲ್ಲಿ ಈ 59ರಲ್ಲಿ 23 ಜನ ಮಾತ್ರ ಆಪರೇಷನ್ ಮಾಡಿಸಿಕೊಂಡರು. ಎರಡೂ ಗುಂಪಿನವರ ಮೊಣಕಾಲಿನ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಅದೇ 2022ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನ ಬೇರೆ ಥರದ ರೋಗಿಗಳದ್ದು. ಪೆಟ್ಟಾಗಿ ದಿನ ಕಳೆದಿದ್ದರೂ ಮೊಣಕಾಲು ಇನ್ನೂ ತಪ್ಪುತ್ತಲೇ ಇದ್ದ 316 ಜನ. ಅವರಲ್ಲಿ ಆಪರೇಷನ್ ಗುಂಪಿನವರೇ ಹೆಚ್ಚು ಸುಧಾರಿಸಿದರು.

ಎರಡನ್ನೂ ಸೇರಿಸಿ ನೋಡಿದರೆ ಲೆಕ್ಕ ಸರಳ. ಹೊಸ ಪೆಟ್ಟು, ಗಾದಿ ಸರಿಯಿದೆ, ಕೂತು ಮಾಡುವ ಕೆಲಸ, ಆಟದ ಹುಚ್ಚಿಲ್ಲ ಅಂದರೆ ಮೊದಲು ಮೂರು ತಿಂಗಳು ಶಿಸ್ತಾಗಿ ವ್ಯಾಯಾಮ ಮಾಡಿ ನೋಡಬಹುದು. ವಯಸ್ಸು ಚಿಕ್ಕದು, ಕಬಡ್ಡಿ–ಕ್ರಿಕೆಟ್ ಬಿಡಲ್ಲ, ಪೊಲೀಸ್ ಅಥವಾ ಸೈನ್ಯದ ಸೆಲೆಕ್ಷನ್‌ಗೆ ಓಡಬೇಕು, ಉಳುಮೆ–ಲೋಡಿಂಗ್ ಕೆಲಸ, ಗಾದಿಯೂ ಹರಿದಿದೆ, ನಡೆಯುವಾಗಲೂ ಮೊಣಕಾಲು ತಪ್ಪುತ್ತೆ ಅನ್ನುವವರಿಗೆ ಆಪರೇಷನ್ ಕಡೆ ತೂಕ ಜಾಸ್ತಿ.

ಮಾಡಬಾರದ್ದು ಒಂದೇ: ಆಪರೇಷನ್ನೂ ಇಲ್ಲ, ವ್ಯಾಯಾಮವೂ ಇಲ್ಲ, ಊತ ಇಳಿದ ಕೂಡಲೇ ಮತ್ತೆ ಆಟ. ಪ್ರತಿ ಸಲ ಮೊಣಕಾಲು ತಪ್ಪಿದಾಗಲೂ ಒಳಗಿನ ಗಾದಿ ಜಜ್ಜಿ ಹೋಗುತ್ತೆ. ಲಿಗಮೆಂಟ್ ಹೊಸದು ಹಾಕಬಹುದು, ಸವೆದ ಗಾದಿಯನ್ನು ಮೊದಲಿನಂತೆ ಮಾಡೋಕಾಗಲ್ಲ. ಇಪ್ಪತ್ತೈದಕ್ಕೆ ಗಾದಿ ಕಳೆದುಕೊಂಡವರಿಗೆ ನಲವತ್ತು ದಾಟುವಷ್ಟರಲ್ಲೇ ಮುದುಕರ ಮೊಣಕಾಲು ನೋವು ಬರಬಹುದು.

ಆಪರೇಷನ್ನಲ್ಲಿ ಏನು ಮಾಡ್ತಾರೆ?

ಹರಿದ ಹಗ್ಗವನ್ನು ಹೊಲಿಯುವುದು ಹಳೇ ಪದ್ಧತಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ ಅನ್ನೋ ಸರ್ಜನ್ 1895ರಲ್ಲಿ ಹೀಗೆ ಹೊಲಿದಿದ್ದರು. ಆ ರೋಗಿ ಒಬ್ಬ ಗಣಿ ಕಾರ್ಮಿಕ, ಗಣಿಯೊಳಗೆ ಮಣ್ಣು ಕುಸಿದು ಮೊಣಕಾಲು ಹೋಗಿತ್ತು. ಕೆಜಿಎಫ್ ಇರುವ ಜಿಲ್ಲೆಯವರಿಗೆ ಅಂಥ ಪೆಟ್ಟು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊಲಿಗೆ ಎಲ್ಲರಿಗೂ ನಿಲ್ಲಲ್ಲ ಅಂತ ಗೊತ್ತಾದ ಮೇಲೆ ಹಳೆಯದನ್ನು ಹೊಲಿಯುವ ಬದಲು ಹೊಸ ಹಗ್ಗ ಕೂರಿಸುವ ಪದ್ಧತಿ ಬಂತು. ಈಗ ಹೆಚ್ಚಾಗಿ ಮಾಡೋದು ಅದನ್ನೇ.

ಹೊಸ ಹಗ್ಗ ಬರೋದು ರೋಗಿಯ ಮೈಯಿಂದಲೇ. ತೊಡೆಯ ಹಿಂಭಾಗದಿಂದ ಮೊಣಕಾಲಿನ ಒಳಪಕ್ಕಕ್ಕೆ ಇಳಿಯುವ ಸ್ನಾಯುರಜ್ಜು ತೆಗೆದು, ಮಡಚಿ, ದಪ್ಪ ಹಗ್ಗದ ಥರ ತಯಾರು ಮಾಡ್ತಾರೆ. ಕೆಲವರಿಗೆ ಚಿಪ್ಪಿನ ಕೆಳಗಿನ ಪಟ್ಟಿ, ಕೆಲವರಿಗೆ ಚಿಪ್ಪಿನ ಮೇಲಿನದು ತೆಗೆಯುತ್ತಾರೆ. ಯಾವುದು ಅನ್ನೋದು ಕೆಲಸ, ಆಟ, ಡಾಕ್ಟರ ಅನುಭವದ ಮೇಲೆ ನಿರ್ಧಾರ.

ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸುತ್ತಾರೆ. ಮೊಣಕಾಲನ್ನು ಅಗಲವಾಗಿ ಕೊಯ್ಯಲ್ಲ. ಸಣ್ಣ ತೂತುಗಳಲ್ಲಿ ಕ್ಯಾಮೆರಾ ಮತ್ತು ಉಪಕರಣ ತೂರಿಸಿ ಟಿವಿ ಪರದೆ ನೋಡುತ್ತಾ ಕೆಲಸ ಮಾಡ್ತಾರೆ. ತೊಡೆ ಮೂಳೆಯಲ್ಲೊಂದು, ಕಣಕಾಲಿನ ಮೂಳೆಯಲ್ಲೊಂದು ಸುರಂಗ ಕೊರೆದು ಹೊಸ ಹಗ್ಗ ತೂರಿಸಿ, ಎರಡು ತುದಿಯನ್ನೂ ಸಣ್ಣ ಬಟನ್ ಅಥವಾ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಗಾದಿ ಹರಿದಿದ್ದರೆ ಅದನ್ನೂ ಆಗಲೇ ಹೊಲಿಯುತ್ತಾರೆ. ಒಂದರಿಂದ ಎರಡು ಗಂಟೆಯ ಕೆಲಸ. ಆಸ್ಪತ್ರೆಯಲ್ಲಿ ಎರಡು ಮೂರು ದಿನ.

ಪೆಟ್ಟಾದ ಮಾರನೇ ದಿನವೇ ಆಪರೇಷನ್ ಆಗಬೇಕು ಅಂತೇನಿಲ್ಲ. ಊತ ಇಳಿದು, ಮೊಣಕಾಲು ಪೂರ್ತಿ ನೇರ ಆಗಿ, ತೊಡೆಗೆ ಬಲ ಬಂದ ಮೇಲೆ ಮಾಡಿಸಿದರೆ ಆಮೇಲೆ ಕಾಲು ಬಿಗಿಯುವ ತೊಂದರೆ ಕಡಿಮೆ. ಹಾಗಾಗಿ ಕೆಲವು ವಾರ ಕಾಯಿಸುವ ಡಾಕ್ಟರನ್ನು ‘ಸುಮ್ಮನೆ ಓಡಾಡಿಸ್ತಿದ್ದಾರೆ’ ಅಂದುಕೊಳ್ಳಬಾರದು.

ಅಸಲಿ ಕೆಲಸ ಶುರು ಆಗೋದೇ ಡಿಸ್ಚಾರ್ಜ್ ಆದ ಮೇಲೆ

ಸ್ಟಿಚ್ ಬಿಚ್ಚಿದರೆ ಮುಗೀತು ಅಂತ ಫಿಸಿಯೋಥೆರಪಿ ಅರ್ಧಕ್ಕೆ ಬಿಟ್ಟವರು ಎಷ್ಟೋ ಜನ. ಡಾಕ್ಟರು ಹಾಕೋದು ಹಗ್ಗ ಮಾತ್ರ, ಮೊಣಕಾಲು ಕಟ್ಟಿಕೊಳ್ಳಬೇಕಾದ್ದು ರೋಗಿಯೇ. ಅಂದಾಜು ದಾರಿ ಹೀಗಿರುತ್ತೆ. ಗಾದಿಯನ್ನೂ ಹೊಲಿದಿದ್ದರೆ ಇದಕ್ಕಿಂತ ನಿಧಾನ.

ಮೊದಲ ಎರಡು ವಾರ: ಐಸ್, ಕಾಲು ಎತ್ತರಿಸಿ ಇಡೋದು, ಪಾದ ಮೇಲೆ ಕೆಳಗೆ ಆಡಿಸೋದು, ತೊಡೆ ಬಿಗಿಹಿಡಿದು ಬಿಡೋದು. ಮುಖ್ಯ ಗುರಿ ಮೊಣಕಾಲು ಪೂರ್ತಿ ನೇರ ಆಗೋದು. ಹಾಯಾಗಿರುತ್ತೆ ಅಂತ ಮೊಣಕಾಲಿನ ಕೆಳಗೆ ದಿಂಬು ಇಡಬಾರದು, ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿ ಇಡಬೇಕು.

ಆರು ವಾರದ ತನಕ: ಕಂಕುಳ ಕೋಲು ಬಿಟ್ಟು ಕುಂಟದೆ ನಡೆಯೋದು, ಮೊಣಕಾಲು 90 ಡಿಗ್ರಿ ದಾಟಿ ಮಡಚೋದು, ನಿಂತಲ್ಲೇ ತುಳಿಯುವ ಸೈಕಲ್.

ಮೂರು–ನಾಲ್ಕು ತಿಂಗಳು: ತೊಡೆಗೆ ಬಲ, ಒಂಟಿ ಕಾಲಲ್ಲಿ ನಿಲ್ಲುವ ಹಿಡಿತ. ಫಿಸಿಯೋ ಒಪ್ಪಿದರೆ ನೇರ ದಾರಿಯಲ್ಲಿ ನಿಧಾನ ಓಟ.

ಆರು ತಿಂಗಳ ನಂತರ: ತಿರುಗುವ, ಹಾರುವ ಅಭ್ಯಾಸ.

ಒಂಬತ್ತು ತಿಂಗಳ ನಂತರ: ಪರೀಕ್ಷೆ ಪಾಸಾದರೆ ಆಟ.

ದೊಡ್ಡ ಮೋಸ ಇರೋದು ಮೂರನೇ ತಿಂಗಳಲ್ಲಿ. ಆಗ ನೋವಿರಲ್ಲ, ಊತ ಇರಲ್ಲ, ನಡಿಗೆ ಸರಿಯಾಗಿರುತ್ತೆ. ‘ನನಗೆ ವಾಸಿಯಾಯ್ತು’ ಅನ್ನಿಸುತ್ತೆ. ಆದರೆ ಒಳಗೆ ಕೂರಿಸಿದ ಸ್ನಾಯುರಜ್ಜು ಮೊದಲು ಮೆತ್ತಗಾಗಿ, ಹೊಸ ರಕ್ತನಾಳ ಬೆಳೆದು, ಆಮೇಲೆ ನಿಧಾನಕ್ಕೆ ಲಿಗಮೆಂಟ್ ಆಗಿ ಬದಲಾಗುತ್ತೆ. ಹೊರಗೆ ಎಲ್ಲ ಸರಿಯಾದಂತೆ ಕಾಣುವ ಆ ಎರಡನೇ ಮೂರನೇ ತಿಂಗಳ ಸುಮಾರಿಗೇ ಒಳಗಿನ ಹಗ್ಗ ಬಹಳ ದುರ್ಬಲ. ಜಾತ್ರೆ ಟೂರ್ನಮೆಂಟ್ ಬಂತು ಅಂತ ಆಗ ಇಳಿದರೆ ಆಪರೇಷನ್ ಮಾಡಿಸಿದ ದುಡ್ಡೂ ಹೋಯ್ತು, ಕಾಲೂ ಹೋಯ್ತು.

ನಾರ್ವೆ ಸಂಶೋಧಕರು 106 ಆಟಗಾರರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ತನಕ ಆಟಕ್ಕೆ ಮರಳೋದನ್ನು ತಡ ಮಾಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಅಪಾಯ ಸುಮಾರು ಅರ್ಧ ಕಡಿಮೆಯಾಗಿತ್ತು. ಬರೀ ತಿಂಗಳು ಎಣಿಸಿದರೂ ಸಾಲದು. ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು, ಒಂಟಿ ಕಾಲಿನ ಜಿಗಿತದಲ್ಲೂ ಅಷ್ಟೇ ದೂರ ಹಾರಬೇಕು.

ರಿಷಬ್ ಪಂತ್‌ಗೆ ಹಿಡಿದದ್ದು ಒಂದು ವರ್ಷಕ್ಕೂ ಹೆಚ್ಚು

ಕ್ರಿಕೆಟಿಗ ರಿಷಬ್ ಪಂತ್ ಕಾರು 2022ರ ಡಿಸೆಂಬರ್ 30ರಂದು ಅಪಘಾತಕ್ಕೀಡಾಯಿತು. 2023ರ ಜನವರಿಯಲ್ಲಿ ಮುಂಬೈಯಲ್ಲಿ ಬಲ ಮೊಣಕಾಲಿನ ಲಿಗಮೆಂಟ್ ಆಪರೇಷನ್. ಆಮೇಲೆ ತಿಂಗಳುಗಟ್ಟಲೆ ಚೇತರಿಕೆ ನಡೆದದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಮತ್ತೆ ಮೈದಾನಕ್ಕಿಳಿದದ್ದು 2024ರ ಮಾರ್ಚ್‌ನಲ್ಲಿ, ಐಪಿಎಲ್‌ಗೆ. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲು ಹೋಗಿ ಸ್ಟ್ರೆಚರ್ ಮೇಲೆ ಹೊರಬಂದವರು, 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು.

ದಿನವಿಡೀ ಫಿಸಿಯೋ ಪಕ್ಕದಲ್ಲಿರುವವರಿಗೇ ಇಷ್ಟು ಕಾಲ ಬೇಕಾದರೆ, ವಾರಕ್ಕೊಮ್ಮೆ ಬಸ್ ಹತ್ತಿ ಕೋಲಾರಕ್ಕೆ ಹೋಗಿಬರುವವರು ಅವಸರ ಮಾಡೋದರಲ್ಲಿ ಅರ್ಥವಿಲ್ಲ.

ಹೊಲ, ಕೊಟ್ಟಿಗೆ, ಅಂಗಡಿ: ಯಾವಾಗ ಏನು?

ಡಾಕ್ಟರು ‘ರೆಸ್ಟ್ ತಗೊಳ್ಳಿ’ ಅಂದರೆ ಊರಲ್ಲಿ ಅದಕ್ಕೆ ಅರ್ಥ ಬೇರೆಯೇ. ಹಸು ಹಾಲು ಕರೆಯೋರು ಯಾರು, ಅಂಗಡಿ ಬಾಗಿಲು ತೆಗೆಯೋರು ಯಾರು? ಅದನ್ನು ಆಪರೇಷನ್ನಿಗೆ ಮೊದಲೇ ಯೋಚಿಸಬೇಕು.

ಗಲ್ಲಾ ಮೇಲೆ ಕೂತು ವ್ಯಾಪಾರ ಮಾಡುವವರು ಎರಡು ಮೂರು ವಾರಕ್ಕೆ ಕೂರಬಹುದು, ಎದುರಿಗೆ ಸ್ಟೂಲ್ ಇಟ್ಟು ಕಾಲು ಚಾಚಿಕೊಂಡು. ಮೂಟೆ ಎತ್ತೋದು, ಏಣಿ ಹತ್ತಿ ಅಟ್ಟದಿಂದ ಸಾಮಾನು ಇಳಿಸೋದು ನಾಲ್ಕೈದು ತಿಂಗಳು ಬೇಡ. 15 ಕೆ.ಜಿ. ಟೊಮೆಟೊ ಬಾಕ್ಸ್ ಹೊತ್ತು ಉತ್ತ ಹೊಲದಲ್ಲಿ ನಡೆಯೋದಂತೂ ಆಟಕ್ಕೆ ಸಮ. ಅದಕ್ಕೆ ಆರು ತಿಂಗಳಾದರೂ ಬೇಕು. ಅಂದ್ರೆ ಒಂದು ಬೆಳೆಯ ಕೊಯ್ಲು ಬೇರೆಯವರ ಕೈಯಲ್ಲಿ ಅಂತಲೇ ಲೆಕ್ಕ ಹಾಕಬೇಕು.

ಬೈಕ್ ಆರು ವಾರ ಆದಮೇಲೆ, ಡಾಕ್ಟರು ಒಪ್ಪಿದರೆ. ಕಿಕ್ ಹೊಡೆಯೋದು ಬೇಡ, ಸೆಲ್ಫ್ ಸ್ಟಾರ್ಟ್ ಇರಲಿ. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯೋದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋದು, ನೆಲದ ಕಕ್ಕಸು ಮೂರು ನಾಲ್ಕು ತಿಂಗಳು ಬೇಡ. ಮನೆಯಲ್ಲಿ ವೆಸ್ಟರ್ನ್ ಕಮೋಡ್ ಇಲ್ಲದಿದ್ದರೆ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಕಮೋಡ್ ಕುರ್ಚಿ ತಂದಿಟ್ಟುಕೊಂಡೇ ಆಪರೇಷನ್ನಿಗೆ ಹೋಗೋದು ಒಳ್ಳೇದು.

ದುಡ್ಡು, ಕಾರ್ಡು, ಆಸ್ಪತ್ರೆ

ಮೊದಲು ತಾಲ್ಲೂಕು ಆಸ್ಪತ್ರೆ ಅಥವಾ ಕೋಲಾರದ ಎಸ್ಎನ್ಆರ್ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಬಹುದು. ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಮೂಳೆಗೆಂದೇ ಇರುವ ಸರ್ಕಾರಿ ಸಂಸ್ಥೆ ಸಂಜಯ್ ಗಾಂಧಿ ಆಸ್ಪತ್ರೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರ ಅವರನ್ನು ಕಂಡು ಮೂರು ಪ್ರಶ್ನೆ ಕೇಳಿ: ನನ್ನ ಆಪರೇಷನ್ ಪಟ್ಟಿಯಲ್ಲಿದೆಯಾ? ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ? ಸ್ಕ್ರೂ, ಬಟನ್, ಬ್ರೇಸ್ ಖರ್ಚು ಇದರಲ್ಲೇ ಬರುತ್ತಾ? ಬಿಲ್ ಆದ ಮೇಲೆ ಕಾರ್ಡು ತೋರಿಸಿದರೆ ಕಷ್ಟ.

ಖಾಸಗಿಯಲ್ಲಿ ಮಾಡಿಸುವವರು ಆಪರೇಷನ್ ಖರ್ಚಿನ ಜೊತೆ ಆರು ತಿಂಗಳ ಫಿಸಿಯೋ, ಓಡಾಟ, ಕೂಲಿ ನಷ್ಟ ಇವನ್ನೂ ಸೇರಿಸಿ ಲೆಕ್ಕ ಹಾಕಬೇಕು. ದುಡ್ಡೆಲ್ಲ ಆಪರೇಷನ್ನಿಗೇ ಸುರಿದು ಫಿಸಿಯೋಗೆ ಇಲ್ಲ ಅಂದರೆ ಅರ್ಧ ಮನೆ ಕಟ್ಟಿ ಬಿಟ್ಟಂತೆ.

ಕಾಯಬಾರದ ಲಕ್ಷಣಗಳು

ಬೈಕ್ ಅಪಘಾತದಲ್ಲಿ ಮೊಣಕಾಲು ಸೊಟ್ಟಗಾಗಿ, ಪಾದ ತಣ್ಣಗಾದರೆ, ಬಣ್ಣ ಬದಲಾದರೆ ಅಥವಾ ಮರಗಟ್ಟಿದರೆ ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಕಟ್ಟು, ಎಣ್ಣೆ ಯಾವುದೂ ಬೇಡ, ನೇರ 108ಕ್ಕೆ ಫೋನ್ ಮಾಡಿ.

ಆಪರೇಷನ್ ಆದಮೇಲೆ ಜ್ವರ, ಗಾಯದಲ್ಲಿ ಕೀವು, ದಿನದಿಂದ ದಿನಕ್ಕೆ ಏರುವ ನೋವು ಇದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿ ನೀವಬಾರದು. ಜೊತೆಗೆ ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆ.

ಆಟಕ್ಕೆ ಮೊದಲು ಹದಿನೈದು ನಿಮಿಷ

ನಿಧಾನ ಓಟ, ಒಂಟಿ ಕಾಲಲ್ಲಿ ನಿಲ್ಲೋದು, ಬಸ್ಕಿ, ಹಾರಿ ಮೊಣಕಾಲು ಮಡಚಿ ಮೆತ್ತಗೆ ಇಳಿಯೋದು. ಆಟಕ್ಕೆ ಮೊದಲು ಹದಿನೈದು ಇಪ್ಪತ್ತು ನಿಮಿಷ ಇಂಥ ವ್ಯಾಯಾಮ ರೂಢಿ ಮಾಡಿಕೊಂಡ ತಂಡಗಳಲ್ಲಿ ಎಸಿಎಲ್ ಪೆಟ್ಟು ಸುಮಾರು ಅರ್ಧದಷ್ಟು ಕಡಿಮೆಯಾಗಿರೋದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಈ ಪೆಟ್ಟು ಹೆಚ್ಚು. ಆದ್ದರಿಂದ ಶಾಲೆಯ ಕೊಕ್ಕೊ, ಕಬಡ್ಡಿ ತಂಡದ ಹೆಣ್ಣುಮಕ್ಕಳಿಗೆ ಪಿಟಿ ಮೇಷ್ಟ್ರು ಇದನ್ನು ತಪ್ಪದೆ ಮಾಡಿಸಬೇಕು. ಇದಕ್ಕೆ ಖರ್ಚಿಲ್ಲ, ಸಾಮಾನೂ ಬೇಡ.

ಈಗಾಗಲೇ ಬಿದ್ದು, ಎಕ್ಸ್‌ರೇ ನಾರ್ಮಲ್ ಅನ್ನಿಸಿಕೊಂಡು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿರುವವರು ಈ ವಾರವೇ ಮೂಳೆ ಡಾಕ್ಟರ ಹತ್ತಿರ ಹೋಗಿ ‘ಲಿಗಮೆಂಟ್ ಒಂದ್ಸಲ ನೋಡಿ ಸಾರ್’ ಅಂತ ಬಾಯಿಬಿಟ್ಟು ಕೇಳಬೇಕು.